ಟಪಾಲು ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು

ಸಂಪಾದಕರಿಗೆ ನಮಸ್ಕಾರ.

ಜರ್ಮನಿಗೆ ಕೆಲಸಕ್ಕೆ ಹೋಗುವ ಹುಡುಗರ ಬಗ್ಗೆ ನಿಮ್ಮ ಉದ್ಯೋಗ ಪುಟದಲ್ಲಿ ಬಂದ ಬರಹವನ್ನು ಸ್ಟುಟ್‌ಗಾರ್ಟ್‌ನಲ್ಲಿ ಕೂತು ಫೋನಿನಲ್ಲಿ ಓದಿದೆ. ನುರಿತ ಕೆಲಸಗಾರರ ವೀಸಾವನ್ನು ಭಾರತೀಯರಿಗೆ ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು 2024ರಲ್ಲಿ ಜರ್ಮನಿ ಹೇಳಿದ್ದು, ಸಂಬಳ ಎಷ್ಟು ಸಿಗುತ್ತೆ, ಭಾಷೆ ಎಷ್ಟು ಬೇಕು, ಎಲ್ಲ ಇತ್ತು. ವಿಮಾನ ಇಳಿದ ಮೇಲಿನ ಮೊದಲ ಎರಡು ವಾರದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಾನು ಒದ್ದಾಡಿದ್ದು ಅಲ್ಲೇ. ಅದಕ್ಕೇ ಈ ಕಾಗದ.

ನಾನು ತಿಪಟೂರು ತಾಲ್ಲೂಕಿನವನು. ತುಮಕೂರಿನಲ್ಲಿ ಓದಿ, ಪೀಣ್ಯದಲ್ಲಿ ಆರು ವರ್ಷ ಟೂಲ್ ಡಿಸೈನ್ ಮಾಡಿ, 2022ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದೆ. ಬೆಂಗಳೂರಿನಲ್ಲಿ ನನ್ನ ವೀಸಾ ಕಾಗದ ನೋಡಿಕೊಂಡ ಏಜೆಂಟರು ಬಹಳ ವಿಷಯ ಹೇಳಿಕೊಟ್ಟರು. ಕುಕ್ಕರ್‌ನ ವಿಶಲ್ ಬಿಚ್ಚಿ ಸಾಕ್ಸ್‌ನೊಳಗೆ ಸುತ್ತಿಡಿ ಅನ್ನುವುದನ್ನೂ ಹೇಳಿದರು. ಮನೆ ವಿಳಾಸದ ನೋಂದಣಿ ಅಂತ ಏನೋ ಇದೆಯಂತಲ್ಲ ಸಾರ್ ಎಂದು ಕೇಳಿದರೆ, 'ಅದು ಹೋದ್ಮೇಲೆ ನಿಧಾನಕ್ಕೆ ಆಗುತ್ತೆ ಬಿಡಿ' ಅಂದುಬಿಟ್ಟರು.

ಅದು ನಿಧಾನಕ್ಕೆ ಆಗುವ ಬಾಬತ್ತಲ್ಲ. ಇಲ್ಲಿ ಮನೆಗೆ ಕಾಲಿಟ್ಟ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ 'ನಾನು ಇಂಥ ವಿಳಾಸದಲ್ಲಿ ಇದ್ದೇನೆ' ಎಂದು ಬರೆಸಬೇಕು. ಇದಕ್ಕೆ ಅನ್ಮೆಲ್ಡುಂಗ್ ಅನ್ನುತ್ತಾರೆ. ಹೊರಗಿನಿಂದ ಬಂದವರಿಗೆ ಮಾತ್ರ ಈ ಕಾಟ ಅಂದುಕೊಂಡಿದ್ದೆ. ಇಲ್ಲೇ ಹುಟ್ಟಿದವರೂ ಪಕ್ಕದ ಬೀದಿಗೆ ಮನೆ ಬದಲಿಸಿದರೆ ಮತ್ತೆ ಹೋಗಿ ಹೇಳಬೇಕು. ಫೀಸು ಇಲ್ಲ. ತಡ ಮಾಡಿದರೆ 1,000 ಯುರೋವರೆಗೆ ದಂಡ ಹಾಕಬಹುದು. ನಗಬೇಡಿ, ನಮ್ಮಲ್ಲೂ ಇದೆ. 180 ದಿನಕ್ಕಿಂತ ಜಾಸ್ತಿ ಅವಧಿಯ ಕೆಲಸದ ವೀಸಾ ಹಿಡಿದು ಬೆಂಗಳೂರಿಗೆ ಬರುವ ಜರ್ಮನ್ ಇಂಜಿನಿಯರ್ ಕೂಡ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ನಮಗೆ ಆ ಕಚೇರಿಯ ಬಾಗಿಲು ತಟ್ಟುವ ಪ್ರಮೇಯ ಬಂದಿಲ್ಲ, ಅಷ್ಟೇ.

ಆ ಒಂದು ಹಾಳೆಗೆ ಉಳಿದದ್ದೆಲ್ಲ ನೇತುಹಾಕಿಕೊಂಡಿದೆ. ಅದು ಆದ ಮೇಲೆಯೇ 11 ಅಂಕಿಯ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರುವುದು. ಜೀವಮಾನಕ್ಕೆಲ್ಲ ಒಂದೇ ನಂಬರ್. ಕೆಲವು ಬ್ಯಾಂಕುಗಳು ಆ ಹಾಳೆ ತೋರಿಸದಿದ್ದರೆ ಖಾತೆ ತೆಗೆಯುವುದಿಲ್ಲ. ವೀಸಾ ಮುಗಿಯುವ ಮೊದಲು ಇಲ್ಲಿನ ವಾಸದ ಕಾರ್ಡ್ ಮಾಡಿಸಲು ಹೋದಾಗಲೂ ಮೊದಲು ಕೇಳುವುದು ಅದನ್ನೇ.

ಈಗ ನನ್ನ ಕಥೆ. ಊರಲ್ಲಿದ್ದಾಗಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ರೂಮು ಹಿಡಿದಿದ್ದೆ. ಕೊಟ್ಟವರು ನಮ್ಮವರೇ, ಕನ್ನಡದವರೇ. ತಿಂಗಳಿಗೆ 600 ಯುರೋ ಬಾಡಿಗೆ, 1,200 ಯುರೋ ಮುಂಗಡ. ಕನ್ನಡದಲ್ಲಿ ಮಾತಾಡಿ, 'ಅಡುಗೆಮನೆ ನಿಮ್ಮದೇ ಅಂದ್ಕೊಳಿ' ಅಂದರು. ನಾನು ಕರಗಿ ನೀರಾದೆ. ಬಂದ ಮೂರನೇ ದಿನ ನೋಂದಣಿಗೆ ಸಹಿ ಬೇಕು ಎಂದೆ. ಅವರ ಮುಖ ಬದಲಾಯಿತು. 'ಅದೊಂದು ಕೇಳ್ಬೇಡಿ. ಓನರ್‌ಗೆ ಗೊತ್ತಾದ್ರೆ ನನ್ನನ್ನೇ ಖಾಲಿ ಮಾಡಿಸ್ತಾರೆ' ಅಂದರು. ಅವರೂ ಅಲ್ಲಿ ಬಾಡಿಗೆಗಿದ್ದವರು. ಮನೆ ಮಾಲೀಕರನ್ನು ಕೇಳದೆ ರೂಮು ಬಿಟ್ಟುಕೊಟ್ಟಿದ್ದರು.

ನೋಂದಣಿಗೆ ಹೋಗುವಾಗ ಪಾಸ್‌ಪೋರ್ಟ್ ಜೊತೆ ಇನ್ನೊಂದು ಕಾಗದ ಬೇಕು, ಮನೆ ಕೊಟ್ಟವರು ಸಹಿ ಹಾಕಿದ್ದು. ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಅಂತ ಅದರ ಹೆಸರು. ಉಸಿರು ಕಟ್ಟಿ ಒಂದೇ ಏಟಿಗೆ ಹೇಳಬೇಕು. ಕಬಡ್ಡಿ ಆಡಿದವರಿಗೆ ಕಷ್ಟ ಆಗಲ್ಲ. ಸುಳ್ಳು ವಿಳಾಸ ಕೊಡುವವರು ಜಾಸ್ತಿಯಾದರು ಎಂದು 2015ರ ನವೆಂಬರ್ 1ರಿಂದ ಇದನ್ನು ಮತ್ತೆ ಕಡ್ಡಾಯ ಮಾಡಿದ್ದಾರೆ. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ಈ ಕಾಗದವೇ ಬೇಕು.

ಆದರೂ ಒಂದು ಕೈ ನೋಡೋಣ ಎಂದು ಕರಾರು ಹಿಡಿದುಕೊಂಡು ಕಚೇರಿಗೆ ಹೋದೆ. ಟೋಕನ್ ತಗೊಂಡು ಒಂದೂವರೆ ಗಂಟೆ ಕೂತೆ. ಮೇಜಿನ ಆಚೆ ಇದ್ದ ಹೆಂಗಸು ನನ್ನ ಅರ್ಧಂಬರ್ಧ ಜರ್ಮನ್ ಕೇಳಿ, ನಿಧಾನವಾಗಿ ಬಿಡಿಸಿ ಹೇಳಿದರು. ರೂಮು ಯಾರು ಕೊಟ್ಟರೋ ಅವರು ಸಹಿ ಹಾಕಬೇಕು. ಅವರು ಬಾಡಿಗೆದಾರರೇ ಆದರೂ ಪರವಾಗಿಲ್ಲ, ಸಹಿ ಹಾಕುವುದು ಅವರ ಕರ್ತವ್ಯ. ಹಾಕಲ್ಲ ಅಂದರೆ ಕೂಡಲೇ ನಮಗೆ ತಿಳಿಸಬೇಕು, ಅದು ನಿಮ್ಮ ಕರ್ತವ್ಯ. ಅಂದರೆ ದೂರು ಕೊಡು ಅಂತ. ಬಂದ ವಾರಕ್ಕೇ ನಮ್ಮವರ ಮೇಲೆ ದೂರು ಕೊಡೋದಾ? ಮನಸ್ಸಾಗಲಿಲ್ಲ. ಸುಮ್ನೆ ಎದ್ದು ಬಂದೆ. ಈಗ ಯೋಚನೆ ಮಾಡಿದರೆ ಕೊಡಬೇಕಿತ್ತು ಅನಿಸುತ್ತೆ. ನನ್ನ ನಂತರ ಅದೇ ರೂಮಿಗೆ ದಾವಣಗೆರೆಯ ಹುಡುಗನೊಬ್ಬ ಬಂದನಂತೆ.

ದುಡ್ಡು ತಗೊಂಡು ವಿಳಾಸ ಮಾತ್ರ ಕೊಡುತ್ತೇವೆ ಅನ್ನುವವರೂ ಸಿಕ್ಕರು. ಅವರ ಸಹವಾಸ ಖಂಡಿತ ಬೇಡ. ಅದಕ್ಕೆ ದಂಡ 50,000 ಯುರೋವರೆಗೂ ಹೋಗಬಹುದು.

ಐದು ವಾರ ಹುಡುಕಿ ಸ್ಟುಟ್‌ಗಾರ್ಟ್‌ನದೇ ಬಡಾವಣೆಯಾದ ಬಾಡ್ ಕಾನ್‌ಸ್ಟಾಟ್‌ನಲ್ಲಿ ಒಂದು ಕೋಣೆ ಹಿಡಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮನೆಯಾಕೆಗೆ ಎಪ್ಪತ್ತು ದಾಟಿದೆ. ಕೀಲಿಕೈ ಕೊಡುವ ಮೊದಲೇ ಸಹಿ ಹಾಕಿದ ಕಾಗದ ಕೈಗಿಟ್ಟರು. ಜೊತೆಗೆ ಮೆಟ್ಟಿಲು ಗುಡಿಸುವ ಪಾಳಿ ಯಾವ ವಾರ ನನ್ನದು ಅನ್ನೋದನ್ನೂ ಹೇಳಿದರು. ಈ ಕಡೆ ಅದೊಂದು ದೊಡ್ಡ ಶಾಸ್ತ್ರ. ಪಾಳಿ ಬಂದವರ ಬಾಗಿಲಿಗೆ ಒಂದು ಸಣ್ಣ ಬೋರ್ಡು ತಂದು ನೇತುಹಾಕುತ್ತಾರೆ.

ಎರಡನೇ ಸಲ ಕಚೇರಿಯ ಕೆಲಸ ಹತ್ತೇ ನಿಮಿಷ. ಈ ಸಲ ಇದ್ದವರು ಬೇರೆ. ಹಿಂದಿನ ಐದು ವಾರ ಎಲ್ಲಿದ್ದೆ ಎಂದು ಅವರು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ನಿಮ್ಮ ಧರ್ಮ ಯಾವುದು ಎಂದು ಕೇಳಿದರು. ನನಗೆ ಗಾಬರಿಯಾಯಿತು, ಇದು ಯಾಕೆ ಬೇಕು ಇವರಿಗೆ ಅಂತ. ಆಮೇಲೆ ತಿಳಿಯಿತು, ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆಸಿದರೆ, ಕಟ್ಟುವ ಆದಾಯ ತೆರಿಗೆಯ ಶೇ 8ರಷ್ಟು ಇನ್ನೂ ಕಟ್ಟಬೇಕು. ಬವೇರಿಯಾ ಮತ್ತು ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 8, ಉಳಿದ ಕಡೆ 9. ಮಂಗಳೂರಿನ ಗೆಳೆಯನೊಬ್ಬ ಕ್ಯಾಥೊಲಿಕ್ ಎಂದು ಬರೆಸಿ, ಸಂಬಳದ ಚೀಟಿ ನೋಡಿದ ದಿನ ಫೋನ್ ಮಾಡಿದ್ದ. ಬರೆಸಿದ್ದಕ್ಕೆ ಬೇಜಾರಿಲ್ಲವಂತೆ, ಮೊದಲೇ ಯಾರೂ ಹೇಳಲಿಲ್ಲವಲ್ಲ ಅಂತ ಬೇಜಾರು. ಮಂಗಳೂರು ಅಂದಾಗ ನೆನಪಾಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಜರ್ಮನ್ ಪಾದ್ರಿ ಮೋಗ್ಲಿಂಗ್ ಕೊನೆಯುಸಿರೆಳೆದ ಎಸ್ಲಿಂಗನ್ ಊರು ನನ್ನ ಮನೆಯಿಂದ ರೈಲಿನಲ್ಲಿ ಕಾಲು ಗಂಟೆ. ಅವರು ನಮ್ಮ ಕರಾವಳಿಗೆ ಬಂದಾಗ ಯಾವ ಮೇಜಿನ ಮುಂದೆ ಯಾರ ಸಹಿಗೆ ಕಾದಿದ್ದರೋ!

ನೋಂದಣಿ ಆಯಿತು, ಇನ್ನೇನು ಎರಡು ಮೂರು ವಾರಕ್ಕೆ ಟ್ಯಾಕ್ಸ್ ನಂಬರ್ ಬರುತ್ತೆ ಅಂದುಕೊಂಡು ಕಾದೆ. ನಾಲ್ಕು ವಾರವಾದರೂ ಇಲ್ಲ. ಅಷ್ಟರಲ್ಲಿ ಸಂಬಳ ಬಂತು. ನಂಬರ್ ಕೊಟ್ಟಿಲ್ಲ ಎಂದು ನಮ್ಮ ಕಂಪನಿಯ ಲೆಕ್ಕದವರು ನನ್ನನ್ನು ಆರನೇ ತೆರಿಗೆ ತರಗತಿಗೆ ಹಾಕಿದ್ದರು. ಮದುವೆಯಾಗದ ನನ್ನಂಥವನಿಗೆ ಸಿಗಬೇಕಾದ್ದು ಒಂದನೇ ತರಗತಿ. ಆರನೆಯದು ಎಲ್ಲಕ್ಕಿಂತ ದುಬಾರಿ. ಚೀಟಿ ನೋಡಿ, ಪೀಣ್ಯದಲ್ಲೇ ಇದ್ದಿದ್ದರೆ ಎಷ್ಟು ಉಳೀತಿತ್ತು ಎಂದು ಲೆಕ್ಕ ಹಾಕುತ್ತಾ ಕೂತೆ.

ಕೇಳಿದಾಗ ಗೊತ್ತಾಯಿತು, ಕಾಗದ ಬಂದು ವಾಪಸ್ ಹೋಗಿತ್ತು. ತಪ್ಪು ನನ್ನದೇ, ಅಥವಾ ನನ್ನ ಹೆಸರಿನದು. ನಮ್ಮ ಕಡೆಯ ಹೆಸರು ನಿಮಗೆ ಗೊತ್ತಲ್ಲ. ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಕೂತಿದೆ. ಇಲ್ಲಿ ಸರ್‌ನೇಮೇ ಮನುಷ್ಯ. ಟೋಕನ್ ಹಿಡಿದು ಕೂತಾಗ ಅಪ್ಪನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಊರಲ್ಲಿ ನಾನು ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ. ಫಾರಂ ತುಂಬುವಾಗ ಬರೆದದ್ದು ಎಷ್ಟೋ ಅಷ್ಟೇ.

ನಾನು ಏನು ಮಾಡಿದ್ದೆ ಅಂದರೆ, ಕೆಳಗಿನ ಟಪಾಲು ಪೆಟ್ಟಿಗೆಗೆ ಬಿಳಿ ಟೇಪು ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದೆ. ಬರೀ ನನ್ನ ಹೆಸರು. ಟ್ಯಾಕ್ಸ್ ಕಾಗದ ಬಂದದ್ದು ಅಪ್ಪನ ಹೆಸರು ಹೊತ್ತುಕೊಂಡು. ಪೋಸ್ಟಿನವನು ಹತ್ತು ಪೆಟ್ಟಿಗೆ ನೋಡಿ, ಆ ಹೆಸರು ಎಲ್ಲೂ ಕಾಣದೆ, ವಾಪಸ್ ಒಯ್ದಿದ್ದಾನೆ. ಇಲ್ಲಿ ಯಾರೂ ಯಾರನ್ನೂ ಕೇಳಲ್ಲ. ಪೆಟ್ಟಿಗೆಯ ಮೇಲೆ ಹೆಸರಿದ್ದರೆ ನೀನಿದ್ದೀಯ, ಇಲ್ಲದಿದ್ದರೆ ಇಲ್ಲ. ನಮ್ಮೂರಿನ ಪೋಸ್ಟ್‌ಮ್ಯಾನ್ 'ತೋಟದ ಮನೆಯವರು' ಅಂತ ಬರೆದಿದ್ದರೂ ತಂದುಕೊಡುತ್ತಿದ್ದ, ಜೊತೆಗೆ ಒಳಗೆ ಏನು ಬರೆದಿದೆ ಅಂತಲೂ ಕೇಳುತ್ತಿದ್ದ.

ಹಳೇ ಟೇಪು ಕಿತ್ತು ಅಪ್ಪನ ಹೆಸರು ದಪ್ಪಗೆ ಬರೆದು ಅಂಟಿಸಿದೆ. ಮತ್ತೆ ಅರ್ಜಿ ಹಾಕಿದ್ದಕ್ಕೆ ಟ್ಯಾಕ್ಸ್ ನಂಬರ್ ಬಂತು, ಹೆಚ್ಚಿಗೆ ಹಿಡಿದ ದುಡ್ಡು ಮುಂದಿನ ಸಂಬಳದಲ್ಲಿ ಸರಿಹೋಯಿತು. ಆದರೆ ಅದಕ್ಕಿಂತ ಮೊದಲು ಆ ಪೆಟ್ಟಿಗೆಗೆ ಬಂದು ಬಿದ್ದದ್ದು ರೇಡಿಯೊ ಟಿವಿ ಶುಲ್ಕದ ಕಾಗದ. ನೋಂದಣಿ ಆದ ಕೂಡಲೇ ವಿಳಾಸ ಅವರಿಗೂ ಹೋಗುತ್ತದೆ. ಒಂದು ಮನೆಗೆ ತಿಂಗಳಿಗೆ 18.36 ಯುರೋ. ಟಿವಿ ಇರಲಿ ಬಿಡಲಿ, ಕಟ್ಟಬೇಕು. ಅಪ್ಪನಿಗೆ ಪೆಟ್ಟಿಗೆಯ ಫೋಟೊ ಕಳಿಸಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ನನ್ನ ಹೆಸರಿಗೆ ಬಂದೈತೆ ಅಂತ ನಾನ್ ಕಟ್ಬೇಕೇನೋ?'

ವಾಪಸ್ ಬರುವವರಿಗೂ ಒಂದು ಮಾತು. ಜರ್ಮನಿ ಬಿಡುವಾಗ ಹೆಸರು ತೆಗೆಸಬೇಕು. ಹೊರಡುವ ಒಂದು ವಾರ ಮೊದಲಿನಿಂದ, ಹೊರಟ ಎರಡು ವಾರದೊಳಗೆ. ಗೆಳೆಯನೊಬ್ಬ ಅದನ್ನು ಮರೆತು ಮೈಸೂರಿಗೆ ಬಂದುಬಿಟ್ಟ. ಟಿವಿ ಶುಲ್ಕದ ಬಾಕಿ ಮಾತ್ರ ಇಲ್ಲಿ ಬೆಳೆಯುತ್ತಾ ಹೋಯಿತು. ಇನ್ನೊಂದು ಕಡೆ, ಊರಿನ ಮತದಾರರ ಪಟ್ಟಿಯಿಂದ ನನ್ನ ಹೆಸರೇ ಹೋಗಿದೆ. ಬೂತ್‌ನವರು ಬಂದಾಗ ಅಮ್ಮ 'ಮಗ ಜರ್ಮನಿಯಲ್ಲವ್ನೆ' ಅಂದಿದ್ದಾರೆ, ಅವರು ಗೀಟು ಎಳೆದಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ನಮೂನೆ 6ಎ ತುಂಬಿ ಹೊರದೇಶದ ಮತದಾರರಾಗಿ ಮತ್ತೆ ಸೇರಬಹುದು. ಓಟು ಹಾಕಲು ಮಾತ್ರ ಊರಿನ ಬೂತಿಗೇ ಬರಬೇಕು.

ಮುಂದಿನ ಸಲ ಈ ವಿಷಯ ಬರೆಯುವಾಗ ದಯವಿಟ್ಟು ಒಂದು ಚೌಕಟ್ಟಿನಲ್ಲಿ ಹಾಕಿ: ಬಾಡಿಗೆ ಮಾತಾಡುವಾಗಲೇ, ಮುಂಗಡ ಕಳಿಸುವ ಮೊದಲೇ, ನೋಂದಣಿಗೆ ಸಹಿ ಹಾಕುತ್ತೀರಾ ಎಂದು ಬರಹದಲ್ಲಿ ಕೇಳಿ. ಇಲ್ಲ ಅಂದರೆ, ಎಷ್ಟೇ ಚೆಂದದ ಕನ್ನಡ ಮಾತಾಡಲಿ, ಬೇರೆ ರೂಮು ನೋಡಿ. ನನಗೆ 1,200 ಯುರೋ ಪೂರ್ತಿ ವಾಪಸ್ ಬರಲು ಏಳು ತಿಂಗಳಾಯಿತು.

ನನ್ನ ಹೆಸರು ಹಾಕಬೇಡಿ. ಹಾಕಿದರೆ ಅಪ್ಪನದೂ ಬರುತ್ತೆ. ಆಮೇಲೆ ತಿಪಟೂರಿನ ಹೋಟೆಲಿನಲ್ಲಿ ಎಲ್ಲರ ಕಾಫಿ ದುಡ್ಡು ಅವರೇ ಕೊಡಬೇಕಾಗುತ್ತೆ.

ಇಂತಿ,
ನಿಮ್ಮ ಓದುಗ
ಬಾಡ್ ಕಾನ್‌ಸ್ಟಾಟ್, ಸ್ಟುಟ್‌ಗಾರ್ಟ್