ಅವನು ಎಲ್ಲಿದ್ದಾನೆ ಎಂದು ಹುಡುಕಿಕೊಟ್ಟವರಿಗೆ

ನನ್ನ ತಮ್ಮ ಮನೆಗೆ ಬಂದಿದ್ದಾನೆ. ಜುಲೈ ಕೊನೆಯ ವಾರ, ಜೋರು ಮಳೆಯಲ್ಲಿ, ಕೊಡಗಿನ ಸುಂಟಿಕೊಪ್ಪದಲ್ಲಿ ಬಸ್ಸಿಳಿದ. ಆಗಸ್ಟ್ 3ಕ್ಕೆ ಆಟಿ ತಿಂಗಳ ಹದಿನೆಂಟನೇ ದಿನ, ನಮ್ಮ ಕಡೆ ಸೊಪ್ಪಿನ ಪಾಯಸ ಉಣ್ಣುವ ದಿನ. ಅವ್ವ ಆಟಿ ಸೊಪ್ಪಿನ ಪಾಯಸ ಮಾಡಿ ಅವನ ಮುಂದಿಟ್ಟಳು. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಆ ಪಾಯಸ ಆಗಿರಲಿಲ್ಲ. ಸೊಪ್ಪು ತೋಟದ ಬದಿಯಲ್ಲೇ ಬೆಳೆದು ನಿಂತಿರುತ್ತಿತ್ತು. ಕೊಯ್ಯಲು ಅವ್ವನಿಗೆ ಕೈ ಬರುತ್ತಿರಲಿಲ್ಲ.

ಅವನು ಜೈಲಿನಲ್ಲಿದ್ದ. ಇದನ್ನು ಬರೆಯಲಾ ಎಂದು ಅವನನ್ನೇ ಕೇಳಿದೆ. "ಬರಿ ಅಕ್ಕ, ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಅಂದ. ತಪ್ಪು ಮಾಡಿದ್ದ. ಕೋರ್ಟು ಶಿಕ್ಷೆ ಕೊಟ್ಟಿತು. ಅನುಭವಿಸಿ ಬಂದ. ಕೇಸಿನ ಬಗ್ಗೆ ಇಷ್ಟೇ ಬರೆಯುತ್ತೇನೆ, ಯಾಕೆಂದರೆ ಅದರಿಂದ ನೋವುಂಡ ಇನ್ನೊಂದು ಮನೆಯೂ ಇದೆ. ಈ ಮೂರು ವರ್ಷ ಅವನ ಜೊತೆ ನಮ್ಮ ಮಾತು ಕಡಿಯದಂತೆ ನೋಡಿಕೊಂಡವರಿಗೆ ಧನ್ಯವಾದ ಹೇಳಬೇಕು. ಅದಕ್ಕೇ ಬರೆಯುತ್ತಿದ್ದೇನೆ.

2022ರ ಜುಲೈ. ಅವನು ಬೆಂಗಳೂರಿನಲ್ಲಿ ಡ್ರೈವರ್ ಆಗಿದ್ದ. ಇಲ್ಲಿ ಮಾದಾಪುರದ ಕಡೆ ಮಳೆ ಹಿಡಿದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಅವನ ಫೋನ್ ಬರಲಿಲ್ಲ ಅಂದರೆ ಮಳೆಯಿಂದ ಅಂದುಕೊಂಡೆವು. ಐದನೇ ದಿನ ಅವನ ರೂಮಿನ ಹುಡುಗ ಹೇಗೋ ನನಗೆ ಫೋನ್ ಮಾಡಿ, "ಅಕ್ಕ, ಪೊಲೀಸರು ಕರ್ಕೊಂಡು ಹೋಗಿದ್ದಾರೆ" ಅಂದ. ಯಾವ ಠಾಣೆ ಅಂತ ಅವನಿಗೂ ಗೊತ್ತಿರಲಿಲ್ಲ. ದಿಣ್ಣೆಯ ಮೇಲೆ ಕೊಡೆ ಹಿಡಿದು ನಿಂತು ಒಂದೊಂದೇ ಠಾಣೆಗೆ ಫೋನ್ ಮಾಡಿದೆ. ಒಂದು ಕಡೆ "ಅಂಥವರು ಯಾರೂ ಇಲ್ಲ" ಅಂದು ಇಟ್ಟುಬಿಟ್ಟರು. ಅವನನ್ನು ಮೊದಲು ಇಟ್ಟುಕೊಂಡಿದ್ದು ಅಲ್ಲೇ ಎಂದು ಆಮೇಲೆ ಗೊತ್ತಾಯಿತು. ಮನುಷ್ಯ ಬದುಕಿದ್ದಾನಾ ಎಂದೇ ತಿಳಿಯದೆ ಕಳೆದ ಆ ರಾತ್ರಿಯ ಮುಂದೆ ಶಿಕ್ಷೆಯ ಸುದ್ದಿಯೂ ನನಗೆ ದೊಡ್ಡದಾಗಿ ಕಾಣಲಿಲ್ಲ.

ಮೊದಲ ಧನ್ಯವಾದ ನಮ್ಮ ಪ್ಯಾರಾ ಲೀಗಲ್ ಅಕ್ಕನಿಗೆ. ಅವರು ನಮ್ಮ ಊರಿನ ಕಡೆಯವರೇ. ಕಾನೂನು ಸೇವೆಯ ಸ್ವಯಂಸೇವಕಿ. ನಾನು ಅಳುತ್ತಾ ಅವರ ಮನೆಗೆ ಹೋದಾಗ ಒಂದು ಲೋಟ ಕಾಫಿ ಕೊಟ್ಟು, ಪೆನ್ನು ಹಿಡಿದು ಕೂತರು. ಯಾರನ್ನೇ ಹಿಡಿದರೂ ಎಲ್ಲಿಟ್ಟಿದ್ದೇವೆ ಎಂದು ಪೊಲೀಸರು ಮನೆಯವರಿಗೋ ಸ್ನೇಹಿತರಿಗೋ ತಿಳಿಸಲೇಬೇಕು, 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಅದು, ಆಮೇಲೆ ಕಾನೂನಿಗೂ ಸೇರಿತು ಎಂದರು. ನನಗೆ ನಿಜವಾಗಿ ದಾರಿ ತೋರಿಸಿದ್ದು ಅವರ ಇನ್ನೊಂದು ಮಾತು. "ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ನಿಮ್ಮ ತಮ್ಮನಿಗೆ ಐದು ದಿನ ಆಯ್ತು. ಇನ್ನು ಠಾಣೆ ಠಾಣೆ ಕೇಳಬೇಡಿ. ಕೋರ್ಟಿನ ಕಡೆಯಿಂದ, ಜೈಲಿನ ಕಡೆಯಿಂದ ಹುಡುಕೋಣ."

ಮರುದಿನ ನನ್ನನ್ನು ಮಡಿಕೇರಿಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಒಂದು ಪೈಸೆ ಕೇಳದೆ ಬೆಂಗಳೂರಿನ ಕಚೇರಿಗೆ ಮಾತಾಡಿದರು. ಮೊದಲ ಸಲ ಹೆಸರು ಸಿಗಲಿಲ್ಲ. ನಾವು ಹೇಳಿದ್ದು ಮನೆಹೆಸರು ಸೇರಿಸಿದ ಹೆಸರು. ದಾಖಲೆಯಲ್ಲಿ ಮನೆಹೆಸರೇ ಇರಲಿಲ್ಲ, ಇಂಗ್ಲಿಷ್ ಕಾಗುಣಿತವೂ ಬೇರೆ. ಅಪ್ಪನ ಹೆಸರು, ವಯಸ್ಸು ಇಟ್ಟುಕೊಂಡು ಮತ್ತೆ ಹುಡುಕಿಸಿದರು. ಸಂಜೆ ನಾಲ್ಕಕ್ಕೆ ಫೋನ್ ಬಂತು. ನ್ಯಾಯಾಂಗ ಬಂಧನದಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ. ಅವ್ವ ಅಂದು ಅನ್ನ ಉಂಡಳು. ಆ ಕಚೇರಿಯವರೇ, ನಿಮ್ಮ ಋಣ ನಮ್ಮ ಮೇಲಿದೆ.

ಬಂಧನದಲ್ಲಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಮಗೂ ಹಾಗೆಯೇ ಒಬ್ಬರು ಸಿಕ್ಕರು. ಪ್ರತಿ ವಾಯಿದೆ ಆದ ಮೇಲೂ ನನಗೆ ಫೋನ್ ಮಾಡಿ ಹೇಳುತ್ತಿದ್ದರು. ಶಿಕ್ಷೆಯಾದ ದಿನವೂ, "ಒಳಗೆ ಕಳೆದ ದಿನಗಳು ಲೆಕ್ಕಕ್ಕೆ ಬರುತ್ತವಮ್ಮ, ಅಷ್ಟು ಕಡಿಮೆಯಾಗುತ್ತದೆ" ಎಂದು ಸಮಾಧಾನ ಹೇಳಿದರು. ಮೇಡಂ, ಥ್ಯಾಂಕ್ಸ್ ಎಂಬ ಮಾತು ಸಾಲದು.

ಪಕ್ಕದ ಮನೆಯ ಹುಡುಗನಿಗೆ ಬೇರೆಯೇ ಹೇಳಬೇಕು. ನಮ್ಮಿಂದ ವಾರ ವಾರ ಬೆಂಗಳೂರಿಗೆ ಹೋಗುವುದು ಆಗದ ಮಾತು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಅವ್ವನ ಮಂಡಿನೋವು. ಇ-ಮುಲಾಕಾತ್ ಅಂತ ಒಂದು ಇದೆ, ವಿಡಿಯೋದಲ್ಲಿ ಮಾತಾಡಬಹುದು ಎಂದು ಹೇಳಿದ್ದೇ ಈ ಹುಡುಗ. ನನ್ನ ಆಧಾರ್, ತಮ್ಮನ ಹೆಸರು, ಅಪ್ಪನ ಹೆಸರು, ಯಾವ ಜೈಲು, ಎಲ್ಲ ತುಂಬಿಸಿದ. ಈ ಸಲ ದಾಖಲೆಯಲ್ಲಿದ್ದ ಕಾಗುಣಿತವನ್ನೇ ಹಾಕಿದ. ಜೈಲಿನವರು ಒಪ್ಪಿದ ಮೇಲೆ ಸಮಯ ತಿಳಿಸುವ ಮೆಸೇಜ್ ಬರುತ್ತಿತ್ತು. ಆ ಹೊತ್ತಿಗೆ ಅವನು ತನ್ನ ಫೋನ್ ಹಿಡಿದು, ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ನೆಟ್‌ವರ್ಕ್ ಸಿಗುವ ದಿಣ್ಣೆಗೆ ಹೋಗುತ್ತಿದ್ದ. ಪರೀಕ್ಷೆಯ ದಿನಗಳಲ್ಲೂ ಒಮ್ಮೆಯೂ ಇಲ್ಲ ಅನ್ನಲಿಲ್ಲ. ಮಗನ ಮುಖ ಮೊದಲ ಸಲ ಕಂಡಾಗ ಅವ್ವ ಮಾತೇ ಆಡಲಿಲ್ಲ, ಫೋನನ್ನು ಸವರುತ್ತಾ ಕೂತಳು. ಆ ಹುಡುಗ ಹಿಂದೆ ತಿರುಗಿ ನಿಂತಿದ್ದ. ಕಂದಾ, ಅದು ನನಗೆ ಗೊತ್ತಾಗಿತ್ತು.

ಶಿಕ್ಷೆಯಾದ ಮೇಲೆ ಮತ್ತೊಮ್ಮೆ ಅವನು ನಮ್ಮ ಕೈತಪ್ಪಿದ. ನಾನು ಸೋಮವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್. ಮೂರು ಕಾಗದ ಒಟ್ಟಿಗೆ ವಾಪಸ್ ಬಂದವು. ನಮ್ಮ ಪೋಸ್ಟಣ್ಣ ಅವನ್ನು ಅವ್ವನ ಕೈಗೆ ಕೊಡದೆ, ನಾನು ಕೆಲಸ ಮಾಡುವ ತೋಟದವರೆಗೆ ನಡೆದು ಬಂದು ನನ್ನ ಕೈಗೇ ಕೊಟ್ಟರು. "ಇದು ಕೆಟ್ಟ ಸುದ್ದಿ ಆಗಬೇಕಿಲ್ಲ, ಜಾಗ ಬದಲಾಗಿರಬಹುದು, ವಿಚಾರಿಸು" ಅಂದರು. ಹಾಗೇ ಆಗಿತ್ತು. ಅವನನ್ನು ಉತ್ತರ ಕರ್ನಾಟಕದ ಒಂದು ಜೈಲಿಗೆ ಕಳಿಸಿದ್ದರು. ವಿಚಾರಣಾಧೀನ ಕೈದಿ ಆಗಿದ್ದಾಗಿನ ನಂಬರ್ ಹೋಗಿ ಸಜಾ ಬಂಧಿಯ, ಅಂದರೆ ಶಿಕ್ಷೆಯಾದ ಕೈದಿಯ, ಹೊಸ ನಂಬರ್ ಬಂದಿತ್ತು. ನಾನು ಹಳೇ ನಂಬರಿಗೆ, ಹಳೇ ಊರಿಗೆ ಬರೆಯುತ್ತಿದ್ದೆ. ಮತ್ತೆ ಅದೇ ಮಡಿಕೇರಿಯ ಕಚೇರಿ, ಅದೇ ಅಕ್ಕ. ಹತ್ತು ದಿನದಲ್ಲಿ ಹೊಸ ವಿಳಾಸ ಸಿಕ್ಕಿತು. ಯಾರಿಗಾದರೂ ಇದೇ ಕಷ್ಟ ಬಂದರೆ 15100ಕ್ಕೆ ಫೋನ್ ಮಾಡಿ. ಕಾನೂನು ಸೇವೆಯ ಸಹಾಯವಾಣಿ, ದುಡ್ಡಿಲ್ಲ. ಕಾಗದದ ಮೇಲೆ ಹೆಸರು, ತಂದೆಯ ಹೆಸರು, ಈಗಿನ ನಂಬರ್ ಮೂರನ್ನೂ ಬರೆಯಿರಿ.

ಅಷ್ಟು ದೂರದ ಊರಿಗೆ ನಾನು ಹೋಗಿದ್ದು ಎರಡೇ ಸಲ. ಉಳಿದದ್ದೆಲ್ಲ ಕಾಗದವೇ. ಜೈಲಿಗೆ ಬರುವ ಕಾಗದವನ್ನು ಅಲ್ಲಿಯವರು ಓದಿ ಕೊಡುತ್ತಾರೆ ಎಂದು ಗೊತ್ತಿತ್ತು. ಅದಕ್ಕೆ ಕೇಸಿನ ಮಾತು ಬರೆಯುತ್ತಲೇ ಇರಲಿಲ್ಲ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿತ್ತು, ತೋಟ ಬೆಳ್ಳಗಾಗಿದೆ ಎಂದು ಬರೆದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಯಾರ ಗದ್ದೆಯಿಂದ ಕದಿರು ತಂದೆವು ಎಂದು ಬರೆದೆ. ಆನೆ ಬಂದು ಬಾಳೆ ಮುರಿದದ್ದನ್ನಂತೂ ನಾಲ್ಕು ವಾರ ಬರೆದೆ, ಯಾಕೆಂದರೆ ಅದು ನಾಲ್ಕು ವಾರವೂ ಬಂತು. ಈಗ ತಮ್ಮ ಹೇಳುತ್ತಾನೆ, ಕಾಗದ ಕೊಡಲು ಬರುತ್ತಿದ್ದ ಸಿಬ್ಬಂದಿಯೊಬ್ಬರು "ನಿಮ್ಮ ತೋಟಕ್ಕೆ ಆನೆ ಮತ್ತೆ ಬಂತಂತಲ್ಲೋ" ಎಂದು ಕೇಳಿಯೇ ಕೊಡುತ್ತಿದ್ದರಂತೆ. ಸರ್, ನಿಮ್ಮ ಮುಖ ನಾನು ನೋಡಿಲ್ಲ. ಅವನನ್ನು ನಂಬರಿನಿಂದ ಕರೆಯುವ ಜಾಗದಲ್ಲಿ ಅವನ ತೋಟದ ಬಗ್ಗೆ ಕೇಳಿದ್ದೀರಿ. ನಿಮಗೆ ಒಳ್ಳೆಯದಾಗಲಿ.

ಊರಿನಲ್ಲಿ ಕೆಲವರು ಮಾತು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷ ಕಾಫಿ ಕೊಯ್ಲಿಗೆ ಕರೆಯದೇ ಬಂದು ಕೊಯ್ದುಕೊಟ್ಟ ನಾಲ್ಕು ಮನೆಯವರನ್ನು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ.

ಕೊನೆಗೆ, ಹೆಸರು ಗೊತ್ತಿಲ್ಲದ ಒಬ್ಬ ಅಜ್ಜಿಗೆ. ನಾನು ಮೊದಲ ಸಲ ತಮ್ಮನನ್ನು ನೋಡಲು ಹೋದ ದಿನ, ಬೆಂಗಳೂರಿನ ಜೈಲಿನ ಗೇಟಿನ ಹತ್ತಿರ ಸಿಕ್ಕಿದ್ದಿರಿ. ಮಂಡ್ಯದ ಕಡೆಯ ಮಾತು ನಿಮ್ಮದು. ಮಗನನ್ನು ನೋಡಲು ಬಂದಿದ್ದಿರಿ. ಕೈಲಿದ್ದ ದುಡ್ಡನ್ನೆಲ್ಲ ಒಳಗಿನ ಖರ್ಚಿಗೆಂದು ತಮ್ಮನ ಹೆಸರಿಗೆ ಕಟ್ಟಿ, ವಾಪಸ್ ಹೋಗಲು ಬಸ್ ಚಾರ್ಜಿಗೆ ಸಾಲದೆ ನಾನು ನಿಂತಿದ್ದೆ. ನೀವು ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಟಿರಿ. "ಮುಂದಿನ ಸಲ ಸಿಕ್ಕಾಗ ಕೊಡವ್ವ" ಅಂದಿರಿ. ಆಮೇಲೆ ಹೋದಾಗಲೆಲ್ಲ ಹುಡುಕಿದೆ, ನೀವು ಕಾಣಲಿಲ್ಲ. ನಿಮ್ಮ ಮಗ ಮನೆಗೆ ಬಂದಿರಲಿ ಎಂದು ಬೇಡಿಕೊಳ್ಳುತ್ತೇನೆ. ಆ ಇನ್ನೂರು ರೂಪಾಯಿಯನ್ನು ಅವ್ವ ದೇವರ ಮುಂದಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ನಿಮ್ಮನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನಿಮಗೆ ಹೇಳಲಿ. ತಲುಪಿಸಲು ಈ ಸಲ ನಾವಿಬ್ಬರೂ ಬರುತ್ತೇವೆ.