ಮಡ್ಡಿ ಹೊಲದ ದ್ರಾಕ್ಷಿ, ಮನೆಯೊಳಗಿನ ಭಾಗೀದಾರಿ

ಬಸವಕಲ್ಯಾಣ

ಚಿ. ಶಿವಕುಮಾರನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮಡ್ಡಿ ಹೊಲದಲ್ಲಿ ಬಯೋಡೈನಮಿಕ್ ಎಂಬ ಸಾವಯವ ಪದ್ಧತಿಯಿಂದ ದ್ರಾಕ್ಷಿ ಬೆಳೆದು ಕೆಂಪು ವೈನ್ ಮಾಡೋಣ, ಮಾವ ನೀವೂ ಭಾಗೀದಾರರಾಗಿ ಎಂದು ಬರೆದಿದ್ದೀ. ಆಗುತ್ತೇನಪ್ಪಾ. ಆದರೆ ಸಸಿ ತರುವ ಮುಂಚೆ ಕರಾರು ಪತ್ರ ಆಗಬೇಕು.

ನೀನು ಮೆಚ್ಚಿಕೊಂಡ ಸ್ಪೇನಿನವರನ್ನೇ ತಗೋ. ಬಿಯೆರ್ಸೊ ಸೀಮೆಯ ಕೊರುಯೋನ್ ಊರಲ್ಲಿ 1999ರ ಸುಮಾರಿಗೆ ಅಲ್ವಾರೊ ಪಲಾಸಿಯೊಸ್ ಮತ್ತು ಅವರ ಸೋದರಳಿಯ ರಿಕಾರ್ಡೊ ಪೆರೆಸ್ ಪಲಾಸಿಯೊಸ್ ಕೂಡಿ ಕೆಲಸ ಹಿಡಿದರು. ಕಡಿದಾದ ಪದರಗಲ್ಲಿನ ಇಳಿಜಾರು, ಮೆನ್ಸಿಯಾ ಎಂಬ ಕೆಂಪು ದ್ರಾಕ್ಷಿಯ ಹಳೆಯ ಬಳ್ಳಿಗಳು. ಯಂತ್ರ ಹೋಗದಲ್ಲಿ ಹೇಸರಗತ್ತೆ ಕಟ್ಟಿ ಉತ್ತರು. ವೈನರಿಗೆ ಇಟ್ಟದ್ದು ಅಲ್ವಾರೊನ ತಂದೆಯ, ಅಂದರೆ ರಿಕಾರ್ಡೊನ ಅಜ್ಜನ ಹೆಸರು. ಮಾವ-ಅಳಿಯ ಇಬ್ಬರೂ ಹುಟ್ಟುವ ಮುಂಚೆ ಯಾರೋ ನೆಟ್ಟ ಬಳ್ಳಿಗಳು ಅವು. ಮುದಿ ಬಳ್ಳಿಯ ಬೇರು ಆಳಕ್ಕೆ ಇಳಿದಿರುತ್ತದೆ, ಗೊಂಚಲು ಕಡಿಮೆ. ಕೆಂಪು ವೈನಿನ ಬಣ್ಣ, ಒಗರು ಹೆಚ್ಚಾಗಿ ಸಿಪ್ಪೆಯಿಂದ ಬರುವುದರಿಂದ ಸಣ್ಣ ಹಣ್ಣು, ಕಡಿಮೆ ಇಳುವರಿಯೇ ಅವರಿಗೆ ಬೇಕು.

ಆ ಮುದಿತನ ನಮಗೆ ಸಿಗುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಮತ್ತೆ ಅಕ್ಟೋಬರ್ ಚಾಟ್ನಿ, ಫೆಬ್ರುವರಿ-ಮಾರ್ಚಿಗೆ ಕಟಾವು. ಹೀಗೆ ದುಡಿದ ಬಳ್ಳಿ ಬೇಗ ಸೋಲುತ್ತದೆ. ಆದ್ದರಿಂದ ಹೆಚ್ಚು ಗೊಂಚಲು ಬಿಡಿಸುವ ಆಸೆ ಮೊದಲ ವರ್ಷದಿಂದಲೇ ಬೇಡ. ಮುರಕಲ್ಲಿನ ಇಳಿಜಾರಲ್ಲಿ ನೀರು ನಿಲ್ಲುವುದಿಲ್ಲ, ಅದು ಒಳ್ಳೆಯದು. ಬೇಸಿಗೆಗೆ ಹನಿ ನೀರಾವರಿ ಇಲ್ಲದೆ ಉಳಿಯುವುದೂ ಇಲ್ಲ.

ಬಯೋಡೈನಮಿಕ್ ಬಗ್ಗೆ ನನ್ನ ಮಾತು ನೇರ. ರುಡಾಲ್ಫ್ ಸ್ಟೈನರ್ 1924ರಲ್ಲಿ ರೈತರ ಮುಂದೆ ಕೊಟ್ಟ ಉಪನ್ಯಾಸಗಳಿಂದ ಬಂದ ಪದ್ಧತಿ. ಕರು ಹಾಕಿದ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವೆಲ್ಲಾ ಹೂತಿಟ್ಟು ತೆಗೆಯುವುದು. ಎಕರೆಗೆ ಸುಮಾರು 25 ಗ್ರಾಂ, 13 ಲೀಟರ್ ನೀರಲ್ಲಿ ಒಂದು ತಾಸು ಎಡಕ್ಕೂ ಬಲಕ್ಕೂ ಸುಳಿ ಏಳಿಸಿ ಚಿಮುಕಿಸುವುದು. ಕೊಂಬಿನ ಶಕ್ತಿಗೆ ಗಟ್ಟಿ ವೈಜ್ಞಾನಿಕ ಪುರಾವೆ ಇಲ್ಲ. ಆದರೂ ಮಾಡು. ಆ ನೆಪದಲ್ಲಿ ಎರಡು ದೇವಣಿ ಹಸು ಮನೆಗೆ ಬರುತ್ತವೆ, ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಬೀಳುತ್ತದೆ, ನೀನು ಪ್ರತಿ ಸಾಲಿನಲ್ಲಿ ನಡೆಯುತ್ತೀ. ಅಕ್ಟೋಬರ್ ಚಾಟ್ನಿಯ ಮೇಲೆ ಮಳೆ ಹಿಡಿದು ಡೌನಿ ಎಂಬ ಬೂಜು ರೋಗ ಕಾಣಿಸಿದಾಗ ಮಾತ್ರ ಆ ಪದ್ಧತಿಯವರು ಕೆಲಸದ ದಿನ ಆರಿಸುವ ಚಂದ್ರನ ಪಂಚಾಂಗ ನೋಡುತ್ತಾ ಕೂಡಬೇಡ. ತಾಮ್ರದ ಸಿಂಪಡಣೆಗೆ ಆ ಪದ್ಧತಿಯಲ್ಲೂ ಮಿತವಾಗಿ ಒಪ್ಪಿಗೆ ಇದೆ, ಅವತ್ತೇ ಹೊಡೆ.

ಇನ್ನು ಕರಾರು. ನೀನು, ನಾನು ಇಬ್ಬರೇ ಸಾಕು ಅಂದಿದ್ದೀ. ಸಾಲದು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ ಒಬ್ಬ ಭಾಗೀದಾರ ಸತ್ತಾಗ ಸಂಸ್ಥೆ ಮುಗಿಯಿತು. ಇಬ್ಬರೇ ಇದ್ದರೆ ಬರೆದೂ ಉಪಯೋಗವಿಲ್ಲ, ಉಳಿದ ಒಬ್ಬ ಯಾರ ಜೊತೆ ಭಾಗೀದಾರ? ನನಗೆ ವಯಸ್ಸಾಗಿದೆ, ನೀನು ನೆಡುವ ಬಳ್ಳಿ ನನಗಿಂತ ಹೆಚ್ಚು ಬಾಳಬೇಕು. ಅದಕ್ಕೇ ನನ್ನ ಅಕ್ಕನನ್ನು, ಅಂದರೆ ನಿನ್ನ ತಾಯಿಯನ್ನು, ಮೂರನೆಯವಳಾಗಿ ಸೇರಿಸು. ಹೊಲ ಅವಳ ಹೆಸರಲ್ಲೇ ಇರಲಿ, ಸಂಸ್ಥೆ ಅದನ್ನು ಬಳಸುವುದು ಹೇಗೆ ಎಂದು ವಕೀಲರನ್ನು ಕೇಳೋಣ. ಭೂಮಿ ಸಂಸ್ಥೆಯ ಆಸ್ತಿ ಆಗಬಾರದು, ಒಡೆತನ ಅವಳದೇ ಇರಬೇಕು. ಬಿಟ್ಟು ಹೋಗುವವನ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಕೂಲಿ ಯಾರಿಗೆ, ಲಾಭ ಯಾವಾಗ, ಎಲ್ಲಾ ಬರಲಿ. ನೋಂದಣಿ ತಪ್ಪಿಸಬೇಡ, ನೋಂದಾಯಿಸದ ಸಂಸ್ಥೆ ಬಾಕಿ ವಸೂಲಿಗೆ ಕೋರ್ಟಿಗೂ ಹೋಗಲಾರದು.

ಮೊದಲ ಬೆಳೆಗಳನ್ನು ಬೇರೆ ವೈನರಿಗೆ ಮಾರು. ವೈನರಿ ಅಂದರೆ ಅಬಕಾರಿ ಪರವಾನಗಿ, ಟ್ಯಾಂಕು, ತಂಪು ಕೋಣೆ. ಎಲ್ಲಾ ಸಾಲದ ಮೇಲೆ ನಿಂತರೆ ಇಳುವರಿ ಹೆಚ್ಚಿಸುವ ಒತ್ತಡ ನಿನ್ನ ಕುತ್ತಿಗೆಗೆ ಬರುತ್ತದೆ.

ಒಂದು ಮಾತು ಬಿಟ್ಟಿದ್ದೆ. ನನ್ನ ಅವ್ವನ, ಅಂದರೆ ನಿನ್ನ ಅಜ್ಜಿಯ ಕಣ್ಣಿಗೆ ವೈನ್ ಅಂದರೂ ಸೆರೆಯೇ. ಶರಣರ ಊರಲ್ಲಿ ಬೆಳೆದ ಜೀವ. ಒಣದ್ರಾಕ್ಷಿ ಮಾಡುತ್ತೇವೆ ಎಂದು ಅವಳಿಗೆ ಸುಳ್ಳು ಹೇಳಬೇಡ, ನಾವಿಬ್ಬರೂ ಕೂತು ಹೇಳೋಣ. ಬೇಡವೆಂದರೆ ಮಾತಾಡೋಣ, ಮುಚ್ಚಿಡುವುದು ಮಾತ್ರ ಬೇಡ.

ಬರುವ ವಾರ ಬಾ. ಪಹಣಿ ಮತ್ತು ಮಣ್ಣು ಪರೀಕ್ಷೆಯ ಕಾಗದ ತಗೊಂಡು ಬಾ, ವಕೀಲರ ಹತ್ತಿರ ಅಕ್ಕನನ್ನೂ ಕರೆದುಕೊಂಡು ಹೋಗೋಣ.

ನಿನ್ನ ಮಾವ