ನಾದ ಹೋಗಿ ನಾತವಾದದ್ದು

ಪ್ರೀತಿಯ ಪುಟ್ಟಿ,

ನಿನ್ನನ್ನು ಮನೆಗೆ ಊಟಕ್ಕೆ ಕರೆದಿದ್ದ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಬರೆದ ಧನ್ಯವಾದದ ಪತ್ರವನ್ನು, ಕಳುಹಿಸುವ ಮೊದಲೇ ನನಗೆ ತೋರಿಸಿದೆಯಲ್ಲ, ಅಷ್ಟು ಒಳ್ಳೆಯದಾಯಿತು. ಮಕ್ಕಳ ಗಲಾಟೆಯಿಂದ ತುಂಬಿದ ಮನೆ ಎನ್ನುವುದು ನಿನ್ನ ಮನಸ್ಸಿನಲ್ಲಿತ್ತು. ಕಾಗದಕ್ಕೆ ಇಳಿದದ್ದು ಮಾತ್ರ ‘ನಾಯ್ಸಮ್’ ಮನೆ. ‘ನಾಯ್ಸಿ’ಗಿಂತ ಇದು ಸ್ವಲ್ಪ ಘನವಾಗಿದೆ ಎಂದುಕೊಂಡೆಯಾ? ಗಬ್ಬು ನಾರುವ ಮನೆ ಎಂದು ಬರೆದಿದ್ದೀಯೆ, ಮಗಳೇ! ಕನ್ನಡದಲ್ಲಾದರೆ ‘ನಾದ ತುಂಬಿದ ಮನೆ’ ಎನ್ನಲು ಹೋಗಿ ‘ನಾತ ತುಂಬಿದ ಮನೆ’ ಎಂದ ಹಾಗೆ. ಒಂದೇ ಅಕ್ಷರ, ಅತಿಥಿ ಮತ್ತೆ ಆ ಮೆಟ್ಟಿಲು ಹತ್ತುವಂತಿಲ್ಲ.

ಈ ಪದದೊಳಗೆ ಸದ್ದು ಎಂಬುದೇ ಇಲ್ಲ. ಕಾಡಿಸು, ಪೀಡಿಸು ಎನ್ನುವ ‘ಅನಾಯ್’ ಇದೆಯಲ್ಲ, ಅದರ ತಲೆ ಉದುರಿ ‘ನಾಯ್’ ಉಳಿಯಿತು. ಅದಕ್ಕೆ ‘ಟ್ರಬಲ್‌ಸಮ್’ನಲ್ಲಿರುವ ‘ಸಮ್’ ಬಾಲವಾಗಿ ಅಂಟಿಕೊಂಡಿತು. ಹಾಗಾಗಿ ಮೊದಲಿನ ಅರ್ಥ ಪೀಡೆ ಕೊಡುವ, ಹಾನಿ ಮಾಡುವ ಎಂದು. 1611ರ ಇಂಗ್ಲಿಷ್ ಬೈಬಲಿನ 91ನೇ ಕೀರ್ತನೆಯಲ್ಲಿ ಮಾರಿರೋಗಕ್ಕೆ ಇದೇ ವಿಶೇಷಣ. ಅಲ್ಲಿ ಮೂಗಿಗೆ ಕೆಲಸವಿಲ್ಲ. ಬರಬರುತ್ತಾ ಪೀಡೆಯೆಲ್ಲ ವಾಸನೆಗೇ ಬಂದು ನಿಂತಿತು. ಈಗ ತುಂಬಿ ಹರಿಯುವ ಮೋರಿಗೆ, ವಾರಗಟ್ಟಲೆ ಎತ್ತದ ಕಸಕ್ಕೆ, ಚರ್ಮ ಹದ ಮಾಡುವ ಹೊಂಡದ ಆವಿಗೆ ಈ ಪದ ಸಲ್ಲುತ್ತದೆ. ಅಸಹ್ಯ ಹುಟ್ಟಿಸುವ ನಡತೆಗೂ ಒಮ್ಮೊಮ್ಮೆ ಹೇಳುತ್ತಾರೆ. ಆಡುಮಾತಿನಲ್ಲಿ ಯಾರೂ ಬಳಸುವುದಿಲ್ಲ, ಪುಸ್ತಕದಲ್ಲೇ ಅದರ ವಾಸ. ನೀನು ಮುಗ್ಗರಿಸಿದ್ದು ಅದಕ್ಕೇ ಇರಬೇಕು: ಕಿವಿಗೆ ಬಿದ್ದು ಕಲಿತ ಪದ ಇದಲ್ಲ, ಕಣ್ಣಿಗೆ ಬಿದ್ದು ಊಹಿಸಿದ್ದು.

ನಿನ್ನ ಸಮಾಧಾನಕ್ಕೆ ಒಂದು ಮಾತು. ಸದ್ದಿನ ‘ನಾಯ್ಸ್’ ಕೂಡ ಅಷ್ಟೇನೂ ಶುದ್ಧ ಮನೆತನದ್ದಲ್ಲ. ಹಡಗಿನ ಪಯಣದಲ್ಲಿ ಹೊಟ್ಟೆ ತೊಳಸುವುದಕ್ಕೆ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದ ‘ನಾಸಿಯಾ’ವೇ ಅದರ ಮೂಲವೆಂದು ಹಲವು ಪಂಡಿತರ ಊಹೆ. ಬೇರು ಬೇರೆಯಾದರೂ ವಾಕರಿಕೆ ಎರಡಕ್ಕೂ ತಪ್ಪಲಿಲ್ಲ, ನೋಡು.

ಪತ್ರದಲ್ಲಿ ‘ಲೈವ್ಲಿ’ ಎಂದು ಹಾಕು, ಸಾಕು. ‘ನಾಯ್ಸಿ’ಯೂ ಬೇಡ, ಇನ್ನೊಬ್ಬರ ಮಕ್ಕಳನ್ನು ಗಲಾಟೆಯವರೆಂದು ನಾವು ಹೇಳಬಾರದು. ಕೋಡುಬಳೆಯ ಡಬ್ಬಿ ನಿನ್ನೆ ಕಳುಹಿಸಿದ್ದೇನೆ, ಆ ಮಕ್ಕಳಿಗೂ ನಾಲ್ಕು ಕೊಡು.

ನಿನ್ನ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಆ ಮನೆಯಲ್ಲಿ ಮೂರು ನಾಯಿಗಳಿವೆಯಂತಲ್ಲ, ತಿದ್ದುವ ಮೊದಲು ಅವಳನ್ನು ಒಂದು ಮಾತು ಕೇಳು, ಸರಿಯಾಗಿಯೇ ಬರೆದಿರಬಹುದು ಎಂದರು.

ನಿನ್ನ
ಅಮ್ಮ